ಬಿಳೀ ತಟ್ಟೆಯ ಮೊಸರನ್ನ

ತಾನು ಬಡಿಸಿದ್ದನ್ನು ಹೆಂಡತಿ ಕಾತ್ಯಾಯಿನಿ ದಿನಾ ಅರ್ಧಕ್ಕೇ ಬಿಟ್ಟು ಏಳುತ್ತಾಳೆ ಎಂಬುದೇ ಭೀಮಸೇನನ ಪರಮ ಸಂಕಟ. ಪಾರ್ಕಿನ್ಸನ್ ಕಾಯಿಲೆ ಬಂದು ಅವಳ ಕೈ ನಡುಗತೊಡಗಿದ ಮೇಲೆ, ಜಪಾನಿನ ಗ್ಯೋಟೋಕು ಬಡಾವಣೆಯ ಆ ಪುಟ್ಟ ಫ್ಲ್ಯಾಟಿನ ಪಾಕಶಾಲಾಧಿಪತ್ಯ ಅವನಿಗೆ ಒಲಿದಿತ್ತು. (ಹೆಸರೇ ಭೀಮಸೇನ ಎಂದಮೇಲೆ ಕೈರುಚಿ ಎಲ್ಲಿಗೆ ಹೋದೀತು ಎಂಬುದು ಅವನ ಲೆಕ್ಕ.) ಎರಡು ಸಾವಿರದ ಹನ್ನೊಂದರ ಭೂಕಂಪಕ್ಕೂ ಜಗ್ಗದೆ ಅಲ್ಲೇ ಉಳಿದ ಗಂಡಸು, ಈಗ ಅವಳ ಬಳೆಗಳು ಮೊಣಕೈವರೆಗೆ ಜಾರುವುದನ್ನು ಕಂಡು ಒಳಗೊಳಗೇ ಕುಸಿದುಹೋಗಿದ್ದ.

"ಮೊಸರನ್ನ ಹಾಗೇ ಇದೆಯಲ್ಲೇ! ಸೇರಲಿಲ್ಲ ಅಂದ್ರೆ ಬಾಯ್ಬಿಟ್ಟು ಹೇಳು."

"ಪೂರ್ತಿ ತಿಂದಿದೀನಲ್ರೀ. ತಟ್ಟೆ ಖಾಲಿ."

"ಖಾಲಿನಾ? ಮತ್ತೆ ಇದೇನು, ಫ್ಯೂಜಿ ಪರ್ವತಾನಾ?"

"ನಾನೇನು ಸುಳ್ಳು ಹೇಳ್ತೀನಾ?" ಎಂದು ಕಾತ್ಯಾಯಿನಿ ಅತ್ತೇಬಿಟ್ಟಳು.

ಕಣ್ಣು ಮಂಜಾಗಿರಬೇಕೆಂದು ಅವಳಿಗೆ ಹೊಸ ಕನ್ನಡಕ ಬಂತು. ಅನ್ನ ಮಾತ್ರ ಉಳಿಯುತ್ತಲೇ ಇತ್ತು. ಕೊನೆಗೆ ಮಗಳು ಲಾಸ್ಯಾ ಇಬ್ಬರನ್ನೂ ಕಣ್ಣಿನ ಡಾಕ್ಟರ ಬಳಿ ಎಳೆದೊಯ್ದಳು. ಡಾಕ್ಟರು ಎಲ್ಲ ಪರೀಕ್ಷಿಸಿ, ಊಟದ ತಟ್ಟೆಯ ಬಣ್ಣ ಯಾವುದೆಂದು ಕೇಳಿದರು.

"ಅಪ್ಪಾ, ಈ ಕಾಯಿಲೇಲಿ ಕಾಂಟ್ರಾಸ್ಟ್ ಸರಿಯಾಗಿ ಗೊತ್ತಾಗಲ್ವಂತೆ," ಎಂದಳು ಲಾಸ್ಯಾ. "ವೈಟ್ ಪ್ಲೇಟ್, ವೈಟ್ ರೈಸ್! ಅಮ್ಮಂಗೆ ಕಾಣ್ತಾನೇ ಇಲ್ಲ. ಕನ್ನಡಕ ಹಾಕಿದ್ರೂ ಅಷ್ಟೇ. ಡಾರ್ಕ್ ಪ್ಲೇಟಲ್ಲಿ ಕೊಡಿ ಅಂತಿದಾರೆ."

ತಪ್ಪು ತಟ್ಟೆಯದು, ಅಡುಗೆ ನಿರ್ದೋಷಿ! ಭೀಮಸೇನ "ಅರಿಗಾತೋ, ಅರಿಗಾತೋ" ಎಂದು ಡಾಕ್ಟರಿಗೆ ಧನ್ಯವಾದ ಹೇಳುತ್ತ ಬಾಗಿ ಬಾಗಿ ಸೊಂಟ ಹಿಡಿಸಿಕೊಂಡ.

ಅಂದೇ ಕಪ್ಪು ತಟ್ಟೆ ಬಂತು. ಅದರಲ್ಲಿ ಮೊಸರನ್ನ ಬಡಿಸಿ, ಇದ್ದ ದೀಪಗಳನ್ನೆಲ್ಲ ಹಾಕಿ, ಭೀಮಸೇನ ಎದುರು ಕೂತ. ಕಾತ್ಯಾಯಿನಿ ನಾಲ್ಕು ತುತ್ತು ತಿಂದಳು. ತಟ್ಟೆ ನೋಡಿದಳು. ಚಮಚ ಕೆಳಗಿಟ್ಟಳು.

"ಯಾಕೇ, ಕಾಣ್ತಿಲ್ವಾ?"

"ಚೆನ್ನಾಗೇ ಕಾಣ್ತಿದೆ ರೀ. ಮೊದ್ಲು ಮುಗೀತು ಅಂತ ನೆಮ್ಮದಿಯಾಗಿ ಏಳ್ತಿದ್ದೆ. ಈಗ ಇನ್ನೂ ಎಷ್ಟು ಉಳಿದಿದೆ ಅಂತ ಗೊತ್ತಾಗ್ತಿದೆ. ನನ್ ಕೈಲಾಗಲ್ಲ."

ಕಂಡರೂ ತಿನ್ನಲಾರಳು ಎಂದರೆ ಇನ್ನು ಯಾವ ಡಾಕ್ಟರ ಬಳಿ ಹೋಗುವುದು, ಯಾವ ಬಣ್ಣದ ತಟ್ಟೆ ತರುವುದು? ಉಕ್ಕಿಬಂದ ಅಳುವನ್ನು ಅಡಗಿಸಲು ಭೀಮಸೇನ ಅವಳ ತಟ್ಟೆಯಿಂದಲೇ ಒಂದು ತುತ್ತು ತೆಗೆದು ಬಾಯಿಗೆ ತುರುಕಿಕೊಂಡ. ಉಪ್ಪಿನಕಾಯಿಯಿಲ್ಲದೆ ತನ್ನ ಮೊಸರನ್ನವನ್ನು ಅವನು ತಿಂದದ್ದು ಅದೇ ಮೊದಲು.

"ಥೂ! ಉಪ್ಪೇ ಹಾಕಿಲ್ವಲ್ಲೇ!"

"ಅದು ಗೊತ್ತಾಗಕ್ಕೆ ಕಣ್ಣು ಬೇಕಿರ್ಲಿಲ್ಲ," ಎಂದಳು ಕಾತ್ಯಾಯಿನಿ. "ಬೇಜಾರ್ ಮಾಡ್ಕೋತೀರಾ ಅಂತ ಇಷ್ಟು ದಿನ ಸುಮ್ನಿದ್ದೆ."