ಘಾಟಿಗೆ ಸುಮ್ಮನೆ ಹೋದವಳು

ಮೂವತ್ತೆಂಟು ವರ್ಷ ಬದುಕಿ, ಹನ್ನೊಂದು ಗಂಡುಗಳ ಮುಂದೆ ಉಪ್ಪಿಟ್ಟು ಕೇಸರಿಭಾತಿನ ತಟ್ಟೆ ಹಿಡಿದು ನಿಂತು, ಹನ್ನೊಂದು ಸಲವೂ 'ಊರಿಗೆ ಹೋಗಿ ತಿಳಿಸ್ತೀವಿ' ಎಂಬ ಉತ್ತರ ಪಡೆದ ಮೇಲೆ ನನಗೆ ಜ್ಞಾನೋದಯವಾಯಿತು. ಪ್ರೀತಿಸುವವರು ಸಿಗದಿದ್ದರೆ ಏನಂತೆ? ನನ್ನನ್ನು ನಾನೇ ಪ್ರೀತಿಸಿಕೊಂಡರಾಯಿತು! ಇದಕ್ಕೆ ಜಾತಕ ಕೂಡಿಬರಬೇಕಾಗಿಲ್ಲ, ಯಾರ ಒಪ್ಪಿಗೆಯೂ ಬೇಕಾಗಿಲ್ಲ, ಊರಿಗೆ ಹೋಗಿ ತಿಳಿಸುವ ಪ್ರಶ್ನೆಯೇ ಇಲ್ಲ.

ಇಷ್ಟು ಸುಲಭದ ಕೆಲಸವನ್ನೂ ನಾನು ಹೇಗೆ ಕೆಡಿಸಿದೆ ಎಂಬುದನ್ನು ಈ ಮೂಲಕ ನಿವೇದಿಸಿಕೊಳ್ಳುತ್ತಿದ್ದೇನೆ.

ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸಿನಲ್ಲಿ ನಾನು ಚೆಕಿಂಗ್ ಟೇಬಲ್ಲಿನವಳು. ಹೊಲಿದು ಬಂದ ಅಂಗಿಯನ್ನು ಬೆಳಕಿಗೆ ಹಿಡಿದು, ಕಾಲರು ಸೊಟ್ಟ, ಗುಂಡಿ ಸಡಿಲ, ಹೊಲಿಗೆ ಬಿಟ್ಟಿದೆ ಎಂದು ಕೊರತೆ ಹುಡುಕಿ ಕೆಂಪು ಸ್ಟಿಕ್ಕರ್ ಅಂಟಿಸುವುದು ನನ್ನ ಉದ್ಯೋಗ. ಕೊರತೆ ಸಿಗದಿದ್ದರೆ 'ಪಾಸ್' ಎನ್ನುತ್ತೇನೆ. ಎನ್ನುವುದು ಅಪರೂಪ. ಗಂಡಿನ ಕಡೆಯವರು ನನ್ನನ್ನು ಮೇಲಿಂದ ಕೆಳಗೆ ನೋಡುವಾಗಲೆಲ್ಲ ಆ ಅಂಗಿಗಳ ಮೇಲೆ ಮರುಕ ಬರುತ್ತಿತ್ತು. ಮರುದಿನ ಟೇಬಲ್ಲಿಗೆ ಹೋದರೆ ಮರೆತುಬಿಡುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ಗಂಡು ಹುಡುಕುವವರೂ ಇಲ್ಲವಾದರು, ಉಪ್ಪಿಟ್ಟಿನ ಖರ್ಚು ಉಳಿಯಿತು.

ನಾನಿರುವುದು ವಠಾರದ ಒಂಟಿ ಕೋಣೆಯಲ್ಲಿ. ಪಕ್ಕದ ಮನೆಯಲ್ಲಿ ಜಯಂತಿ ಮತ್ತು ಅವಳ ತಾಯಿ ಸಿದ್ದಮ್ಮ. ಜಯಂತಿಗೆ ಮೂವತ್ತಾರು. ಅವಳಿಗೂ ಮದುವೆಯಾಗಿರಲಿಲ್ಲ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆಯವರಿಗೆ ಸಿಕ್ಕ ಕೆಲಸಗಳಲ್ಲಿ ಅವಳಿಗೂ ಒಂದು ಸಿಕ್ಕಿತ್ತು. ವಿಮಾನದಿಂದ ಇಳಿದವರು ಹೊರಗೆ ಬರುತ್ತಾರಲ್ಲ, ಆ ಬಾಗಿಲ ಹತ್ತಿರ ನೆಲ ಒರೆಸುವ ಕೆಲಸ. ಸಂಜೆ ನನ್ನ ಕೆಲಸ ಮುಗಿದ ಮೇಲೆ ಇಬ್ಬರೂ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಕೂತು ಬೈ-ಟೂ ಕಾಫಿ ಕುಡಿಯುತ್ತಿದ್ದೆವು. ಒಂದು ಕಾಫಿ, ಎರಡು ಲೋಟ, ಆರು ವರ್ಷ. ದಿನವಿಡೀ ನಾನು ಕಾಯುತ್ತಿದ್ದದ್ದು ಆ ಅರ್ಧ ಲೋಟಕ್ಕೆ. ನಿಜ ಹೇಳಬೇಕೆಂದರೆ ನನ್ನ ಬಾಗಿಲು ತಟ್ಟುತ್ತಿದ್ದವರು ಇಬ್ಬರೇ. ಒಬ್ಬಳು ಜಯಂತಿ, ಇನ್ನೊಬ್ಬ ಕರೆಂಟ್ ಬಿಲ್ಲಿನವನು. ಅವಳಿರುವ ತನಕ ನಾನು ಒಂಟಿಯಲ್ಲ ಎಂದುಕೊಂಡಿದ್ದೆ. ಅವಳಿಲ್ಲದಿದ್ದರೆ ಏನು ಎಂದು ಯೋಚಿಸುವ ಧೈರ್ಯ ನನಗಿರಲಿಲ್ಲ.

ಆ ವರ್ಷ ಫೆಬ್ರವರಿಯಲ್ಲಿ ಒಂದು ಸಂಜೆ ಜಯಂತಿ ಹೇಳಿದಳು, "ಏರ್‌ಪೋರ್ಟಲ್ಲಿ ಎಲ್ಲಾ ಕಡೆ ಹೃದಯದ ಬಲೂನು ಕಟ್ಟವ್ರೆ ಕಣೇ. ಒರೆಸಕ್ಕೆ ಹೋದ್ರೆ ಕಾಲಿಗೆ ಸಿಗ್ತವೆ."

ನನಗೆ ಸ್ಫೂರ್ತಿ ಉಕ್ಕಿತು. "ಲೇ, ಪ್ರೇಮಿಗಳ ದಿನ ಅಂದ್ರೆ ಅದೇನು ಪ್ರೇಮಿಗಳಪ್ಪನ ಆಸ್ತಿನಾ? ಈ ಸಲ ಭಾನುವಾರ ಬಿದ್ದಿದೆ. ನಾವೂ ಆಚರಿಸಣ."

"ಏನಂತ?"

"ನಮ್ಮನ್ನ ನಾವೇ ಪ್ರೀತಿಸ್ಕೊಳ್ಳೋ ದಿನ ಅಂತ. ಗೆಳತಿಯರ ದಿನ ಅಂತ. ಹೊಸ ಸೀರೆ ಉಟ್ಕಂಡು ಎಲ್ಲಾದ್ರೂ ಹೋಗಿ ಚೆನ್ನಾಗಿ ತಿಂದು ಬರಣ. ಅವತ್ತು ಗಂಡು ಅನ್ನೋ ಮಾತು ಬಾಯಲ್ಲಿ ಬರಬಾರ್ದು!"

ಜಯಂತಿ ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತ ಕೂತಳು. ಆಮೇಲೆ, "ನೀನು ಹೇಳ್ದಂಗೆ," ಎಂದಳು. ಅವಳು ಯಾವಾಗಲೂ ಹೀಗೆಯೇ ಅನ್ನುತ್ತಿದ್ದಳು. ಅದನ್ನು ನಾನು ಯಾವಾಗಲೂ ಒಪ್ಪಿಗೆ ಎಂದೇ ತಿಳಿದುಕೊಳ್ಳುತ್ತಿದ್ದೆ.

ಹೋಗುವುದು ಎಲ್ಲಿಗೆ? ನಂದಿಬೆಟ್ಟದಲ್ಲಿ ಅವತ್ತು ಬಂಡೆಗೊಂದು ಜೋಡಿ. ಏರ್‌ಪೋರ್ಟ್ ರಸ್ತೆಯ ಹೋಟೆಲುಗಳಲ್ಲಿ ಮೇಜಿಗೊಂದು ಜೋಡಿ. ಸಾಧಕ ಬಾಧಕಗಳನ್ನೆಲ್ಲ ಕೂಲಂಕಷವಾಗಿ ಪರಿಶೀಲಿಸಿ ನಾನು ಘಾಟಿ ಸುಬ್ರಹ್ಮಣ್ಯವನ್ನು ಆಯ್ಕೆ ಮಾಡಿದೆ. ಅಲ್ಲಿ ಪ್ರೇಮಿಗಳ ಕಾಟವಿಲ್ಲ. ಸ್ವಾಮಿಯ ದರ್ಶನ, ಮರದ ನೆರಳು, ಡಬ್ಬಿಯಲ್ಲಿ ಪುಳಿಯೋಗರೆ. ಮದುವೆಯಾಗದವರು ಘಾಟಿಗೆ ಯಾತಕ್ಕೆ ಹೋಗುತ್ತಾರೆ ಎಂಬುದು ನಮ್ಮ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನನಗೂ ಗೊತ್ತು. ಆದರೆ ನಾವು ಅದಕ್ಕೆ ಹೋಗುತ್ತಿಲ್ಲವಲ್ಲ! ಸುಮ್ಮನೆ ಹೋಗುತ್ತಿದ್ದೇವೆ. ಸುಮ್ಮನೆ ಹೋದವರಿಗೆ ಯಾರು ಏನು ಮಾಡಿಯಾರು?

ಮೊದಲ ಪ್ರಮಾದವೆಂದರೆ ಇದನ್ನು ಸಿದ್ದಮ್ಮನಿಗೆ ಹೇಳಿದ್ದು. ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು.

"ಘಾಟಿಗಾ? ನೀವಾಗ್ ನೀವೇನಾ?"

"ಹೂಂ ಅಮ್ಮ. ಸುಮ್ನೆ."

"ಸುಮ್ನೆ ಅಂತೆ! ನಾಚ್ಕೆ ನೋಡು ಹುಡುಗೀಗೆ!" ಎಂದು ಕಣ್ಣೊರೆಸಿಕೊಂಡರು. ಮೂವತ್ತೆಂಟರಲ್ಲಿ ನಾನು ಹುಡುಗಿಯಾದೆ. ಭಾನುವಾರ ಬೆಳಗ್ಗೆ ನೋಡಿದರೆ ಅರಿಶಿನ, ಕುಂಕುಮ, ತೆಂಗಿನಕಾಯಿ, ಜೊತೆಗೆ ಸ್ಟೀಲ್ ಕ್ಯಾನಿನ ತುಂಬ ಹಾಲು. "ನಾಗರ ಕಲ್ಲಿಗೆ ಹುಯ್ದು ಬನ್ರವ್ವ. ಇಬ್ರೂ ಹುಯ್ರಿ." ಅಳುತ್ತಿರುವ ತಾಯಿಯ ಮುಂದೆ ಸ್ವಪ್ರೀತಿಯ ಸಿದ್ಧಾಂತವನ್ನು ಮಂಡಿಸುವುದು ಹೇಗೆ? ಕ್ಯಾನು ಕೈಗೆ ತೆಗೆದುಕೊಂಡೆ.

ಮಗ್ಗದ ಬೀದಿಯಲ್ಲಿ ಕೊಂಡ ಒಂದೇ ಥರದ ಹಳದಿ ಸೀರೆಗಳನ್ನು ಇಬ್ಬರೂ ಉಟ್ಟಿದ್ದೆವು. ಹೊರಡುವ ಮುಂಚೆ ಕನ್ನಡಿ ನೋಡಿಕೊಂಡೆ. ಚೆನ್ನಾಗಿಯೇ ಇದ್ದೆ. 'ಪಾಸ್' ಎನ್ನಬೇಕು, ಅಷ್ಟರಲ್ಲಿ ರವಿಕೆಯ ತೋಳಿನ ಹೊಲಿಗೆ ಸೊಟ್ಟಗಿರುವುದು ಕಣ್ಣಿಗೆ ಬಿತ್ತು. ಸ್ವಪ್ರೀತಿ ಅಲ್ಲಿಗೇ ಒಂದು ಮೆಟ್ಟಿಲು ಇಳಿಯಿತು.

ಬಸ್ಸು ತುಂಬಿ ತುಳುಕುತ್ತಿತ್ತು. ತೊಡೆಯ ಮೇಲೆ ಕ್ಯಾನು ಇಟ್ಟುಕೊಂಡು ನಾನು ಜಯಂತಿಗೆ ಸ್ವಾವಲಂಬನೆಯ ಬಗ್ಗೆ ವಿವರಿಸುತ್ತಿದ್ದೆ. ವಿವರಣೆಗೆ ಎರಡೂ ಕೈ ಬೇಕಾದವು. ಅದೇ ಹೊತ್ತಿಗೆ ರಸ್ತೆಯ ಉಬ್ಬು ಬಂತು. ಕ್ಯಾನು ಹಾರಿತು, ಮುಚ್ಚಳ ಬೇರೆ ದಿಕ್ಕಿಗೆ ಹಾರಿತು, ಹಾಲೆಲ್ಲ ಪಕ್ಕದ ಸೀಟಿನ ಅಜ್ಜಿಯ ಮಡಿಲಿಗೆ!

"ಅಯ್ಯಯ್ಯೋ, ತಪ್ಪಾಯ್ತಮ್ಮ!" ಎಂದೆ.

"ಹೋಗ್ಲಿ ಬಿಡವ್ವ," ಎಂದರು ಅಜ್ಜಿ, ಸೆರಗು ಹಿಂಡುತ್ತ. "ನಾಗಪ್ಪಂಗೆ ಮುಂಚೆ ನಂಗೇ ಹುಯ್ದ್ಬುಟ್ಟೆ."

ಅಜ್ಜಿಯ ಹಿಂದೆ ನಿಂತಿದ್ದ ಮಗ, ನಲವತ್ತು ದಾಟಿದ ಮಿತಭಾಷಿ, ಒಂದು ಮಾತೂ ಆಡದೆ ಹೆಗಲ ಟವೆಲ್ ತೆಗೆದು ಕೊಟ್ಟ. ಒರೆಸುವ ವಿಷಯದಲ್ಲಿ ನುರಿತವಳಾದ ಜಯಂತಿ ಅದನ್ನು ತೆಗೆದುಕೊಂಡು ಸೀಟು ಒರೆಸಿದಳು. ಅವರು ನೆಲಮಂಗಲದವರಂತೆ. ಮಗನ ಹೆಸರು ರಂಗಸ್ವಾಮಿ, ಗೋಡೌನಿನಲ್ಲಿ ಲಾರಿಗಳಿಗೆ ಲೋಡು ಮಾಡಿಸುವ ಕೆಲಸ. ಇಷ್ಟನ್ನೂ ಅಜ್ಜಿ ಇಳಿಯುವುದರೊಳಗೆ ಹೇಳಿ ಮುಗಿಸಿದರು.

ಘಾಟಿಯಲ್ಲಿ ಸಾಲು ಉದ್ದವಿತ್ತು. ಅಲ್ಲಿ ಒಂದೇ ಕಲ್ಲಿನಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿನ ಸ್ವಾಮಿಯನ್ನು ಕನ್ನಡಿಯಲ್ಲಿ ನೋಡಬೇಕು. "ನೋಡೇ," ಎಂದೆ ಜಯಂತಿಗೆ, "ನಾವಿಬ್ರೂ ಹಿಂಗೇ. ಬೆನ್ನಿಗೆ ಬೆನ್ನು ಕೊಟ್ಕಂಡು ನಿಂತಿದೀವಿ."

"ಹಂಗೆ ನಿಂತ್ರೆ ಒಬ್ರ ಮುಖ ಇನ್ನೊಬ್ರಿಗೆ ಕಾಣಲ್ವಲ್ಲೇ," ಎಂದಳು. ಅವಳ ಮಾತು ನನಗೆ ತಮಾಷೆಯಾಗಿ ಕೇಳಿಸಿತು, ನಕ್ಕುಬಿಟ್ಟೆ.

ಅರ್ಚಕರು ನಮ್ಮಿಬ್ಬರ ಹೆಸರು ಕೇಳಿದರು. ಗೋತ್ರ ಕೇಳಿದರು, ಗೊತ್ತಿಲ್ಲ ಎಂದೆವು. "ಏನು ಸಂಕಲ್ಪ?" ಎಂದರು.

"ಏನೂ ಇಲ್ಲ ಸ್ವಾಮಿ. ಸುಮ್ನೆ ಬಂದಿದೀವಿ."

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಸುಮ್ನೆ ಅಂತ ಸಂಕಲ್ಪ ಇಲ್ಲಮ್ಮ. ಮದುವೆ ಆಗಿದೆಯಾ?"

"ಇಲ್ಲ."

"ಇವ್ರಿಗೆ?"

"ಇಲ್ಲ."

"ಹಾಗಂತ ಹೇಳೋಕೇನು ಸಂಕೋಚ!" ಎಂದವರೇ ಗಂಟಲು ಸರಿಮಾಡಿಕೊಂಡು, ಸಾಲಿನ ಕೊನೆಯವರಿಗೂ ಕೇಳುವಂತೆ, "ಶೀಘ್ರಮೇವ ವಿವಾಹ ಸಿದ್ಧ್ಯರ್ಥಂ..." ಎಂದು ಶುರುಮಾಡಿದರು. ಸಂಸ್ಕೃತ ಬಾರದ ನನಗೂ ಅರ್ಥವಾಯಿತು. ಇಡೀ ಸಾಲು ನಮ್ಮ ಕಡೆ ತಿರುಗಿತು. ನಮ್ಮ ಹಿಂದೆಯೇ ಹಾಲಿನ ವಾಸನೆಯ ಸೀರೆಯಲ್ಲಿ ಅಜ್ಜಿ ನಿಂತಿದ್ದರು. ಅವರ ಕಣ್ಣು ಫಳಕ್ಕೆಂದು ಹೊಳೆಯಿತು.

ನಾಗರ ಕಲ್ಲುಗಳ ಹತ್ತಿರ ಬಂದಾಗ ನಮ್ಮ ಕ್ಯಾನು ಖಾಲಿ. ಅಜ್ಜಿ ತಮ್ಮ ಚೊಂಬು ಮುಂದೆ ಹಿಡಿದರು. "ನಮ್ಮದ್ರಲ್ಲೇ ಅರ್ಧ ಹುಯ್ಕಳ್ರವ್ವ." ನಾನು ತತ್ತ್ವನಿಷ್ಠೆಯಿಂದ, "ನಂಗೆ ಬೇಡ. ಜಯಂತಿ, ನೀನು ಬೇಕಾದ್ರೆ ಹುಯ್ಯಿ, ನಿಮ್ಮಮ್ಮ ಕೇಳ್ತಾರೆ," ಎಂದೆ. ಜಯಂತಿ ಒಂದು ಕಡೆಯಿಂದ, ರಂಗಸ್ವಾಮಿ ಇನ್ನೊಂದು ಕಡೆಯಿಂದ, ಒಂದೇ ಕಲ್ಲಿಗೆ ಹಾಲೆರೆದರು. ಬೈ-ಟೂ! ಏರ್ಪಾಡು ಮಾಡಿದವಳು ನಾನೇ.

ಅಜ್ಜಿ ನನ್ನನ್ನು ಮರದ ಆಚೆಗೆ ಕರೆದುಕೊಂಡು ಹೋದರು. "ಆ ಹುಡುಗಿ ಹೆಂಗವ್ವ?"

ಜಯಂತಿ ಮದುವೆಯಾಗಿ ನೆಲಮಂಗಲಕ್ಕೆ ಹೋದರೆ ಸಂಜೆಯ ಗತಿಯೇನು? ನನ್ನ ಗತಿಯೇನು? ಉಳಿದಿದ್ದ ದಾರಿ ಒಂದೇ, ನನ್ನ ಹದಿನೈದು ವರ್ಷದ ವೃತ್ತಿಕೌಶಲ. ಸ್ಟಿಕ್ಕರ್ ಅಂಟಿಸತೊಡಗಿದೆ.

"ಅವಳಿಗೆ ಅಡುಗೆ ಬರಲ್ಲಮ್ಮ."

"ಬರ್ದಿದ್ರೆ ಬ್ಯಾಡ ಬಿಡು. ನನ್ನ ಮಗ ಮಾಡ್ತಾನೆ. ಅವನ ಕೈ ಮುದ್ದೆ ತಿಂದೇ ನಾನು ಹಿಂಗಿರೋದು."

"ಬೆಳಗ್ಗೆ ನಾಲ್ಕೂವರೆಗೇ ಕೆಲಸಕ್ಕೆ ಹೋಗ್ಬೇಕು."

"ಅವನೂ ಅಷ್ಟೊತ್ತಿಗೇ ಏಳ್ತಾನೆ. ಜತೇಲಿ ಏಳ್ತಾರೆ."

"ಮಾತು ಬಹಳ ಕಮ್ಮಿ."

"ಅಯ್ಯೋ ನನ್ನವ್ವ! ನಮ್ಮನೇಲಿ ಮಾತಾಡಕ್ಕೆ ನಾನೊಬ್ಳು ಸಾಕು. ಕೇಳೋರೇ ಇರ್ಲಿಲ್ಲ."

"ಕೋಪ ಬಂದ್ರೆ ಎರಡು ದಿನ ಮಾತೇ ಆಡಲ್ಲ!"

"ಎರಡೇ ದಿನಾನಾ? ನಾನು ನಮ್ಮತ್ತೆ ಜತೆ ಆರು ತಿಂಗ್ಳು ಮಾತು ಬುಟ್ಟಿದ್ದೆ."

ನನ್ನ ಸ್ಟಿಕ್ಕರುಗಳೆಲ್ಲ ಮುಗಿದವು. ಆದರೂ ಬಿಡಲಿಲ್ಲ. "ನಂಗೆ ಜ್ವರ ಬಂದ್ರೆ ನಿದ್ದೆ ಮಾಡಕ್ಕೇ ಬಿಡಲ್ಲಮ್ಮ. ಗಳಿಗೆಗೊಂದ್ಸಲ ಹಣೆ ಮುಟ್ತಾಳೆ. ಹಬ್ಬದ ದಿನ ಒಬ್ಬಳೇ ಉಣ್ಣಕ್ಕೂ ಬಿಡಲ್ಲ, ತಟ್ಟೆ ಕಿತ್ಕಂಡು ಅವರ ಮನೆಗೆ ಎಳ್ಕಂಡು ಹೋಗ್ತಾಳೆ. ನಮ್ಮವ್ವ ಹೋದಾಗ ಮೂರು ದಿನ..." ಎಂದವಳು ಸೆರಗಿನಿಂದ ಮೂಗು ಒರೆಸಿಕೊಂಡೆ. ದೂರುತ್ತಿದ್ದೇನೆ ಎಂದುಕೊಂಡಿದ್ದೆ. ದೂರು ಎಲ್ಲಿ ದಾರಿ ತಪ್ಪಿತೋ ತಿಳಿಯಲಿಲ್ಲ.

ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಇಷ್ಟು ಚೆನ್ನಾಗಿ ಯಾವ ಮದ್ವೆ ದಲ್ಲಾಳೀನೂ ಹೇಳಲ್ಲ ಕಣವ್ವ. ಅವರಮ್ಮನ ನಂಬರ್ ಕೊಡು."

ಕೊಟ್ಟೆ! ನನ್ನ ಕೈಯಾರೆ!

ವಾಪಸು ಬಸ್ಸಿನಲ್ಲಿ ಜಯಂತಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ತೊಡೆಯ ಮೇಲೆ ಹಾಲಿನ ಕಲೆಯ ಟವೆಲ್ ಮಡಿಸಿಕೊಂಡಿದ್ದಳು. ಹಿಂದಿರುಗಿಸಲು ಮರೆತಳಂತೆ. "ಅವರು ಏನು ಕೇಳಿದ್ರೇ?" ಎಂದಳು. ಹೇಳಿದೆ. "ನಿಂಗಿಷ್ಟ ಇಲ್ದಿದ್ರೆ ಬೇಡ ಅಂತ ನಾನೇ ಫೋನ್ ಮಾಡ್ತೀನಿ," ಎಂದೂ ಸೇರಿಸಿದೆ. 'ನೀನು ಹೇಳ್ದಂಗೆ' ಎನ್ನುತ್ತಾಳೆಂದು ಕಾದೆ.

ಅವಳು ಹಾಗೆನ್ನಲಿಲ್ಲ. "ದಿನಾ ಆ ಬಾಗ್ಲಲ್ಲಿ ನಿಂತಿರ್ತೀನಿ ಪದ್ಮ. ಇಳಿದು ಬಂದೋರನ್ನ ಅವರವರ ಮನೆಯೋರು ಓಡ್ಬಂದು ತಬ್ಕೊಳ್ತಾರೆ. ಅವರ ಕಾಲ್ಸಂದೀಲಿ ನಾನು ಒರೆಸ್ತಿರ್ತೀನಿ. ನಂಗೂ ಯಾರಾದ್ರೂ ಕಾಯ್ಲಿ ಅನ್ಸುತ್ತೆ ಕಣೇ."

'ನಾನು ಕಾಯ್ತೀನಲ್ಲೇ, ದಿನಾ ಸಂಜೆ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಅವಳು ಹೇಳುತ್ತಿದ್ದ ಕಾಯುವಿಕೆ ಬೇರೆ ಎಂದು ನನಗೂ ಗೊತ್ತಿತ್ತು. ಆರು ವರ್ಷ ಎದುರಿಗೇ ಕೂತು ಕಾಫಿ ಕುಡಿದು ನಾನು ಅವಳನ್ನು 'ನಿಂಗೇನು ಬೇಕೇ' ಎಂಬ ಒಂದು ಪ್ರಶ್ನೆ ಕೇಳಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅಳುವೂ ಬಂತು. ಕಿಟಕಿ ಅವಳ ಕಡೆ ಇದ್ದದ್ದರಿಂದ ಧೂಳು ಬಿತ್ತು ಎಂದೂ ಹೇಳುವಂತಿರಲಿಲ್ಲ.

"ನೀನು ಹೇಳ್ದಂಗೆ ಕಣೇ," ಎಂದೆ.

ಇನ್ನೊಂದು ಸಂಗತಿ ಬಸ್ಸಿಳಿದ ಮೇಲೆ ಹೊಳೆಯಿತು. ಸಂಕಲ್ಪದಲ್ಲಿ ನನ್ನ ಹೆಸರೂ ಇತ್ತು, ಅಜ್ಜಿ ಅದನ್ನೂ ಕೇಳಿಸಿಕೊಂಡಿದ್ದರು. ಆದರೆ ನಾನು ಹೆಂಗೆ ಎಂದು ಯಾರನ್ನೂ ವಿಚಾರಿಸಲಿಲ್ಲ. ಗಂಡು ಎಂಬ ಮಾತೇ ಬರಬಾರದ ದಿನ ಇದು ನನ್ನ ಹನ್ನೆರಡನೆಯ ನಿರಾಕರಣೆಯಾಗಿ ಲೆಕ್ಕಕ್ಕೆ ಬಂತು. ಈ ಸಲ ಉಪ್ಪಿಟ್ಟನ್ನೂ ಕೇಳದೆ ಹೋದರು.

ಮದುವೆ ಘಾಟಿಯಲ್ಲೇ ಆಯಿತು. ಮೂರು ದಿನ ರಜೆ ಹಾಕಿ ತಾಂಬೂಲದ ಚೀಲ ಹಂಚುವುದರಿಂದ ಹಿಡಿದು ಹೆಣ್ಣಿನ ಜಡೆ ಹೆಣೆಯುವವರೆಗೆ ಎಲ್ಲವನ್ನೂ ನಾನೇ ನೋಡಿಕೊಂಡೆ. ಅರ್ಚಕರು ಗುರುತು ಹಿಡಿದರು. "ಒಂದು ಸಂಕಲ್ಪ ಈಡೇರಿತು! ನಿಮ್ಮದೊಂದು ಬಾಕಿ ಅಲ್ವೇನಮ್ಮ?"

"ನಾನು ಸುಮ್ನೆ ಬಂದಿದ್ದು ಸ್ವಾಮಿ," ಎಂದೆ. ಅವತ್ತು ಅವರು ನಂಬಿದರು.

ಸಿದ್ದಮ್ಮನೂ ಮಗಳ ಜೊತೆಗೆ ಹೋದರು. ಪಕ್ಕದ ಮನೆಗೆ ಬೀಗ ಬಿತ್ತು. ಕರೆಂಟ್ ಬಿಲ್ಲಿನವನು ಮಾತ್ರ ನಿಷ್ಠೆಯಿಂದ ಬರುತ್ತಿದ್ದಾನೆ.

ಮುಂದಿನ ಫೆಬ್ರವರಿ ಬಂತು. ಪ್ರೇಮಿಗಳ ದಿನ ಕೆಲಸ ಮುಗಿಸಿ, ಅದೇ ಹಳದಿ ಸೀರೆ ಉಟ್ಟುಕೊಂಡು ಒಬ್ಬಳೇ ಹೋಟೆಲಿಗೆ ಹೋದೆ. ಆಚರಣೆ ಎಂದ ಮೇಲೆ ಆಚರಣೆ! ಮುದಿ ಸಪ್ಲೈಯರ್ ಮಂಜಣ್ಣ ಬಂದು ನಿಂತದ್ದೇ ತಡ, ಬಾಯಿ ತಾನಾಗಿ "ಬೈ-ಟೂ" ಎಂದುಬಿಟ್ಟಿತು. ಅವರು ಎರಡು ಗಾಜಿನ ಲೋಟ ತಂದಿಟ್ಟರು, ಒಂದು ನನ್ನ ಮುಂದೆ, ಒಂದು ಖಾಲಿ ಕುರ್ಚಿಯ ಮುಂದೆ. ಅಷ್ಟರಲ್ಲಿ ಜಯಂತಿಯ ಫೋನು.

"ಏನೇ, ಈ ಸಲ ಆಚರಣೆ ಇಲ್ವಾ?"

"ನಡೀತಿದೆ ಕಣೇ, ಜೋರಾಗಿ."

"ಯಾರ ಜತೆ?"

"ನನ್ನ ಜತೆ."

"ಭಾನುವಾರ ಬಾರೇ. ಇವರು ಕೋಳಿಸಾರು ಮಾಡ್ತಾರೆ," ಎಂದಳು. ಬರುತ್ತೇನೆ ಎಂದೆ.

ನನ್ನ ಲೋಟ ಮುಗಿಯಿತು. ಅವಳದು ಅಷ್ಟರಲ್ಲಿ ಆರಿಹೋಗಿತ್ತು. ಅಭ್ಯಾಸಬಲದಿಂದ ಬೆಳಕಿಗೆ ಹಿಡಿದೆ. ಬಿಸಿ ಇಲ್ಲ, ನೊರೆ ಇಲ್ಲ, ಕೆನೆ ಕಟ್ಟಿದೆ. ಕೈತೊಳೆಯುವ ಜಾಗದ ಕನ್ನಡಿಯಲ್ಲಿ ಹಳದಿ ಸೀರೆಯವಳೊಬ್ಬಳು ಲೋಟ ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ತೋಳಿನ ಹೊಲಿಗೆ ಈಗಲೂ ಸೊಟ್ಟಗೇ ಇತ್ತು. "ಹೋಗ್ಲಿ, ಪಾಸ್," ಎಂದೆ. ಕಾಫಿಗೆ ಅಂದದ್ದೋ ಅವಳಿಗೋ ನನಗೇ ಗೊತ್ತಾಗಲಿಲ್ಲ. ಒಂದೇ ಗುಟುಕಿಗೆ ಕುಡಿದೆ.

ಮಂಜಣ್ಣ ಮೇಜು ಒರೆಸಲು ಬಂದರು. "ಇನ್ನೊಬ್ರು ಬರ್ಲೇ ಇಲ್ವೇನಕ್ಕ?"

"ಬಂದಿದ್ರು," ಎಂದು ಎರಡೂ ಖಾಲಿ ಲೋಟಗಳನ್ನು ತೋರಿಸಿದೆ. "ಕುಡಿದು ಹೋದ್ರು!"