ಒದ್ದೆ ಮರಳಿನ ಲೋಟ

ಜಟ್ಟನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಎರಡು ಹನಿ ಹಾಲಿನ ದೆಸೆಯಿಂದ.

ಅವನ ಹೆಂಡತಿ ಮಾದೇವಿ ಬೆಳಕೆ ಶಾಲೆಯ ಅಕ್ಕೋರು. ಮೊಲೆ ಕುಡಿಯುವ ಕೂಸನ್ನು ಮುಟ್ಟಳ್ಳಿಯ ಮನೆಯಲ್ಲೇ ಬಿಟ್ಟು ಪಾಠಕ್ಕೆ ಹೋಗಬೇಕು. ದವಾಖಾನೆಯ ದಾದಿ ಉಪಾಯ ಹೇಳಿಕೊಟ್ಟಿದ್ದಳು. ಕೈ ತೊಳೆದು, ಕುದಿಸಿದ ಲೋಟಕ್ಕೆ ಹಾಲು ಹಿಂಡಿ, ಮುಚ್ಚಿ, ನೀರಿನ ಕೊಡದ ಬುಡದ ಒದ್ದೆ ಮರಳಿನಲ್ಲಿ ಇಡಬೇಕು. ಕೂಸು ಎದ್ದಾಗ ಒಳಲೆಯಲ್ಲಿ ಕುಡಿಸುವುದು ಜಗಲಿಯಲ್ಲಿ ಹೊಲಿಗೆ ಮಷಿನ್ ತುಳಿಯುವ ಜಟ್ಟನ ಪಾಲು.

ಅಂದು ಬಸ್ಸಿನ ಕಂಡಕ್ಟರ್ ವೆಂಕ್ಟ್ರಮಣ ಮಾದೇವಿಯನ್ನು ಬೆಳಕೆಯಲ್ಲಿ ಇಳಿಸಿ ಬಂದವನು, ಇವರ ಮನೆಯೆದುರು ಬಸ್ಸು ನಿಲ್ಲಿಸಿ ಒಳಗೇ ಬಂದ. ನುಣ್ಣಗೆ ಬಾಚಿದ ಕ್ರಾಪು, ಗೆರೆ ಎಳೆದಂಥ ಮೀಸೆ. ಕಣ್ಣುಬೇನೆ ಬಂದು ಕಣ್ಣೆರಡೂ ಹಣ್ಣುಮೆಣಸಾಗಿದ್ದವು.

"ಜಟ್ಟಣ್ಣ, ಕಣ್ಣಿಗೆ ಎರಡು ಹನಿ ಬಿಡು. ಮನೇಲಿ ಹಾಲಿದೆ, ಹೋಗು ಅಂತ ಅಕ್ಕೋರೇ ಹೇಳಿದ್ರು."

ಕಣ್ಣುಬೇನೆಗೆ ಎದೆಹಾಲು ಬಿಡುವುದು ಊರಿನ ಪದ್ಧತಿ. ಕೇಳಿದವರಿಗೆ ಇಲ್ಲವೆನ್ನುವಂತಿಲ್ಲ. ಆದರೆ ತನ್ನ ಹೆಂಡತಿಯ ಹಾಲು ಈ ಮೀಸೆಯವನ ಕಣ್ಣಿಗೆ? ಬಸ್ಸಿನಲ್ಲಿ ಇವರಿಬ್ಬರದು ಇಂಥ ಮಾತುಕತೆಯೇ?

ಜಟ್ಟ ಒಳಗೆ ಹೋದ. ಮರಳಿನಲ್ಲಿದ್ದ ಲೋಟವನ್ನು ಒಲೆಯ ಮೇಲಿನ ಅಟ್ಟದಲ್ಲಿ, ಒಣಗಲು ಹಾಕಿದ್ದ ಮುರುಗಲು ಹಣ್ಣಿನ ಸಿಪ್ಪೆಯ ಹಿಂದೆ ಬಚ್ಚಿಟ್ಟ. ಸಾರಿಗೆಂದು ಹಿಂಡಿಟ್ಟಿದ್ದ ತೆಂಗಿನಹಾಲನ್ನು ಇನ್ನೊಂದು ಲೋಟಕ್ಕೆ ಸುರಿದು ತಂದು, ವೆಂಕ್ಟ್ರಮಣನ ಕಣ್ಣಿಗೆ ಧಾರಾಳವಾಗಿ ಬಿಟ್ಟ. ಇಳಿದು ಬಂದದ್ದನ್ನು ತನ್ನ ಹೆಗಲ ಟುವಾಲಿನಿಂದಲೇ ಒರೆಸಿದ.

"ಎಂಥ ತಂಪು ಮಾರಾಯ," ಎಂದ ವೆಂಕ್ಟ್ರಮಣ.

ಬೇಲಿಯಾಚೆಯಿಂದ ನೆರೆಮನೆಯ ಈರಮ್ಮ, "ದೊಡ್ಡ ಮನಸ್ಸು ನಿಂದು ಜಟ್ಟ. ನಮ್ಮನೆಯವ್ರಾಗಿದ್ರೆ ಕೊಡ್ತಿರ್ಲಿಲ್ಲ," ಎಂದು ಗಾಯಕ್ಕೆ ಉಪ್ಪು ಸವರಿದಳು.

ಜಟ್ಟ ಗೆದ್ದ ಹುಂಜದ ಹಾಗೆ ಕತ್ತೆತ್ತಿ ಮಷಿನ್ ತುಳಿದ. ಬೆವರನ್ನು ಅದೇ ಟುವಾಲಿನಿಂದ ಒರೆಸಿಕೊಂಡ.

ಕೂಸು ಎದ್ದು ಅಳತೊಡಗಿತು. ಅಟ್ಟದಿಂದ ಲೋಟ ಇಳಿಸಿದರೆ ಒಲೆಯ ಕಾವಿಗೆ ಹಾಲು ಕೆಟ್ಟುಹೋಗಿತ್ತು. ಅಳು ಕೇಳಿ ಓಡಿಬಂದ ಈರಮ್ಮ ಮೂಸಿ ನೋಡಿ, ತೆಂಗಿನ ಬುಡಕ್ಕೆ ಚೆಲ್ಲಿದಳು.

"ಹುಳಿ ನಾತ. ಒಲೆ ಮೇಲೆ ಹಾಲಿಡುಕೆ ನಿಂಗೆ ಎಂತ ಮರುಳು? ತಾಯಿನ್ನೇ ಕರ್ಸು ಈಗ."

ಬೆಳಕೆಗೆ ಇದ್ದದ್ದು ಒಂದೇ ಬಸ್ಸು. ಅದು ಬಂದಾಗ ಜಟ್ಟ ರಸ್ತೆಯ ನಡುವೆ ನಿಂತು, ಯಾರ ಮುಖ ಕಂಡರಾಗದೋ ಅವನಿಗೇ ಕೈಮುಗಿದ.

"ನೀನು ಕೂಸಿನ ಹತ್ರ ಇರು. ಅಕ್ಕೋರನ್ನ ನಾ ಕರ್ಕಂಡ್ ಬತ್ತೆ," ಎಂದ ವೆಂಕ್ಟ್ರಮಣ. ಹೇಳಿದಂತೆ ಮುಂದಿನ ಸೀಟಿನಲ್ಲಿ ಕೂರಿಸಿ ತಂದ. ಅಕ್ಕೋರ ಹಾಲಿನಿಂದ ತನ್ನ ಕಣ್ಣಿನ ಉರಿ ಅರ್ಧ ಇಳಿಯಿತೆಂದು ದಾರಿಯುದ್ದಕ್ಕೂ ಇಡೀ ಬಸ್ಸಿಗೆ ಸಾರಿದ್ದ.

ಮಾದೇವಿ ಕೂಸಿಗೆ ಹಾಲೂಡಿಸಿದಳು. ಆಮೇಲೆ, ವೆಂಕ್ಟ್ರಮಣನ ಕಣ್ಣಿಗೆ ಬಿಟ್ಟು ಜಗಲಿಯಲ್ಲೇ ಉಳಿದಿದ್ದ ಲೋಟ ಮೂಸಿದಳು. ತೆಂಗಿನಹಾಲಿನ ವಾಸನೆ.

ಮರುದಿನ ಬೆಳಿಗ್ಗೆ ಜಟ್ಟನ ರೆಪ್ಪೆಗಳು ಅಂಟಿಕೊಂಡಿದ್ದವು.

"ಮಾದೇವಿ, ಕಣ್ಣು ಉರಿತದೆ. ಎರಡು ಹನಿ..."

"ಮರಳಲ್ಲಿ ಇದ್ದದ್ದು ಕೂಸಿಗೆ. ಈರಮ್ಮ ಕುಡಿಸ್ತಾಳೆ. ನಿಮ್ಗೆ ತೆಂಗಿನಹಾಲು ಹಿಂಡಿಟ್ಟಿದ್ದೇನೆ. ಅವ್ನಿಗೆ ಗುಣ ಆತಲ್ಲ, ನಿಮ್ಗೂ ಆತದೆ."

ಹೊರಗೆ ಬಸ್ಸಿನ ಹಾರ್ನ್ ಎರಡು ಸಲ ಕೂಗಿತು. ಹಿಂದೆಂದೂ ಅದು ಮಾದೇವಿಗಾಗಿ ಮನೆ ಬಾಗಿಲಲ್ಲಿ ನಿಂತು ಕೂಗಿದ್ದಿಲ್ಲ. ಮಾದೇವಿ ಸರಸರನೆ ಮೆಟ್ಟಿಲಿಳಿದಳು. ಅವಳು ನಕ್ಕಳೋ ಇಲ್ಲವೋ ನೋಡೋಣವೆಂದರೆ, ಜಟ್ಟನಿಗೆ ಕಣ್ಣು ಬಿಡಲಾಗಲಿಲ್ಲ.