ಆಗಲಪ್ಪನ ನಕ್ಷತ್ರ ಉಬ್ಬಿದ್ದು

ಯಾರು ಏನು ಹೇಳಿದರೂ "ಆಗಲಿ" ಎನ್ನುವ ಗುಣವೊಂದಿಲ್ಲದಿದ್ದರೆ ಆಗಲಪ್ಪ ಎಂದೋ ಕಾಯಂ ಆಗಿಬಿಡುತ್ತಿದ್ದ. ಸಂಶೋಧನಾಲಯದಲ್ಲಿ ಅವನದು ಆರು ವರ್ಷದ ಹಂಗಾಮಿ ಕೆಲಸ. ಆ ಹೆಸರೂ ಸಹೋದ್ಯೋಗಿಗಳೇ ಇಟ್ಟದ್ದು. ಸೀಸದ ಪರಮಾಣುವಿನ ನ್ಯೂಕ್ಲಿಯಸ್ಸಿಗೆ ಒಪ್ಪುವ ಸೂತ್ರದಿಂದಲೇ, ಸತ್ತು ಕುಗ್ಗಿ ಗಟ್ಟಿಯಾದ ನ್ಯೂಟ್ರಾನ್ ನಕ್ಷತ್ರದ ಗಾತ್ರವನ್ನೂ ಹೇಳುವುದು ಅವನ ಪಾಲಿನ ಕೆಲಸ. ಇವತ್ತು ನಾಲ್ಕು ಗಂಟೆಗೆ ನಿರ್ದೇಶಕರ ಮುಂದೆ ಲೆಕ್ಕ ಒಪ್ಪಿಸಬೇಕು. ಸರಿಹೋದರೆ ಕಾಯಂ.

ತೊಂದರೆ ಸಣ್ಣದು. ಅವನ ಲೆಕ್ಕದಲ್ಲಿ ನಕ್ಷತ್ರದ ತ್ರಿಜ್ಯ ಹನ್ನೆರಡು ಕಿಲೋಮೀಟರ್. ದೂರದರ್ಶಕದವರ ಅಳತೆಯೆಂದು ನಿರ್ದೇಶಕರು ಬೆಳಿಗ್ಗೆ ಎಲ್ಲರಿಗೂ ಕಳಿಸಿದ ಕಾಗದದಲ್ಲಿ ಹದಿಮೂರೂವರೆ.

"ಒಳಗಿನ ದ್ರವ್ಯ ತೀರಾ ಮೆತ್ತಗಾಯ್ತು ಕಣಯ್ಯಾ, ಗಟ್ಟಿ ಮಾಡು," ಎಂದರು ಪಕ್ಕದ ಮೇಜಿನ ಹಿರಿಯರು, ಅವನ ಕುರ್ಚಿಯಲ್ಲೇ ಕೂತು.

"ಆಗಲಿ ಸಾರ್."

ಗಟ್ಟಿ ಮಾಡಿದ. ನಕ್ಷತ್ರ ಉಬ್ಬಿತು. ಜೊತೆಗೆ ಸೀಸದ ನ್ಯೂಕ್ಲಿಯಸ್ಸೂ ಅತ್ತೆ ಮನೆಯಲ್ಲಿ ತಿಂಗಳು ಕಳೆದ ಅಳಿಯನಂತೆ ಸೊಂಟದ ಸುತ್ತ ದಪ್ಪಗಾಯಿತು.

"ಅದಕ್ಕೇನು, ನ್ಯೂಕ್ಲಿಯಸ್ಸಿಗೊಂದು ಸೂತ್ರ, ನಕ್ಷತ್ರಕ್ಕೊಂದು ಸೂತ್ರ ಇಡಿ. ಮಧ್ಯೆ ಹೊಲಿಗೆ ಹಾಕಿದ್ರಾಯ್ತು," ಎಂದಳು ಕಂಪ್ಯೂಟರ್ ಕೋಣೆಯ ಮೇಲ್ವಿಚಾರಕಿ.

ಹೊಲಿಗೆ ಹಾಕಿದ. ಹಾಕಿದ ಜಾಗದಲ್ಲಿ, ಪ್ರಕೃತಿಯಲ್ಲಿ ಎಂದೂ ಆಗದ ಹಾಗೆ, ಶಬ್ದವು ಬೆಳಕಿಗಿಂತ ಜೋರಾಗಿ ಓಡತೊಡಗಿತು. ಆಗಲಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಅಷ್ಟರಲ್ಲಿ ಭೌತಶಾಸ್ತ್ರದ ಗಂಧಗಾಳಿಯಿಲ್ಲದ ಲೈಬ್ರರಿಯನ್ ಪರದೆಯ ಮೇಲಿನ ಗೆರೆಯತ್ತ ಇಣುಕಿ, "ಆ ಮೂಲೆ ಸ್ವಲ್ಪ ನುಣುಪು ಮಾಡಿ ನೋಡಿ," ಎಂದ. ವಿಚಿತ್ರವೆಂದರೆ ಅದೇ ಫಲಿಸಿತು. ಮೂರೂಮುಕ್ಕಾಲಿಗೆ ಸರಿಯಾಗಿ ಹದಿಮೂರೂವರೆ. ಆಗಲಪ್ಪನಿಗೆ ಹಿಡಿಸಲಾರದಷ್ಟು ಖುಷಿ. ಮೂವರಿಗೂ ಕಾಫಿ ತರಿಸಿದ.

ನಾಲ್ಕು ಗಂಟೆಯ ಸಭೆಯಲ್ಲಿ ನಿರ್ದೇಶಕರು ಲೆಕ್ಕವನ್ನು ನೋಡಿ ಕನ್ನಡಕ ತೆಗೆದರು.

"ಆ ಅಳತೆಗೆ ಒಂದೂವರೆ ಕಿಲೋಮೀಟರ್ ಸೇರಿಸಿದ್ದು ನಾನೇ. ಉತ್ತರ ನೋಡ್ಕೊಂಡು ಲೆಕ್ಕ ತಿದ್ದೋರು ಯಾರು ಅಂತ ತಿಳ್ಕೊಳ್ಳೋಕೆ. ನಮ್ಮ ವಿದ್ಯೇಲಿ ಇದು ಹಳೇ ಪದ್ಧತಿ. ನಿಜವಾದ ಅಳತೆ ಹನ್ನೆರಡು."

ಆಗಲಪ್ಪ ಹಿಂದೆ ತಿರುಗಿ ಬೆರಳು ತೋರಿಸಿದ. "ಬೆಳಿಗ್ಗೆ ನಂದೂ ಹನ್ನೆರಡೇ ಬಂದಿತ್ತು ಸಾರ್. ಬೇಕಾದ್ರೆ ಇವರನ್ನೇ ಕೇಳಿ."

ಹಿಂದಿನ ಸಾಲಿನಲ್ಲಿದ್ದ ಮೂವರೂ ಚಾವಣಿ ನೋಡುತ್ತಿದ್ದರು.

"ಹಾಗಾದ್ರೆ ಒಳ್ಳೇದೇ ಆಯ್ತು," ಎಂದರು ನಿರ್ದೇಶಕರು. "ಇನ್ನೊಂದು ವರ್ಷ ಹಂಗಾಮಿಯಾಗೇ ಇದ್ದು, ಮತ್ತೆ ಹನ್ನೆರಡು ತನ್ನಿ."

ಸಂಜೆ ಬಾಗಿಲಲ್ಲೇ ಹೆಂಡತಿ ಕೇಳಿದಳು, "ಕಾಯಂ ಆಯ್ತೇನ್ರಿ?"

"ಇಲ್ಲ ಕಣೆ," ಎಂದ ಆಗಲಪ್ಪ, ಚಪ್ಪಲಿ ಬಿಡುತ್ತ. ಮುಖದಲ್ಲಿ ಮಾತ್ರ ಏನೋ ಗೆದ್ದು ಬಂದ ಕಳೆ. "ಆದ್ರೆ ನಿರ್ದೇಶಕರನ್ನ ಬಿಟ್ರೆ ಇಡೀ ಕಟ್ಟಡದಲ್ಲಿ ಸರಿಯಾದ ಉತ್ತರ ಇದ್ದದ್ದು ನನ್ನೊಬ್ಬನ ಹತ್ರ. ಮಧ್ಯಾಹ್ನದವರೆಗೆ."